ಗೇಟಿನ ಹೊರಗೆ ನಿಂತವರ ಲೆಕ್ಕ ಯಾರ ಹತ್ತಿರ ಇದೆ?

ಸಂಪಾದಕರಿಗೆ ನಮಸ್ಕಾರ,

ದೊಡ್ಡ ಪಂದ್ಯ ಇದ್ದಾಗಲೆಲ್ಲ ‘ಬಿಗಿ ಭದ್ರತೆ’ ಎಂಬ ಸುದ್ದಿ ಬರುತ್ತದೆ. ಇಷ್ಟು ಪೊಲೀಸರು, ಇಷ್ಟು ಕ್ಯಾಮೆರಾ, ಬ್ಯಾಗ್ ತರುವಂತಿಲ್ಲ. ಅದು ಬೇಡ ಅಂತ ಹೇಳುತ್ತಿಲ್ಲ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಐಪಿಎಲ್ ಪಂದ್ಯಕ್ಕೆ ಸ್ವಲ್ಪ ಮೊದಲು ಬಾಂಬ್ ಸಿಡಿದು ಜನ ಗಾಯಗೊಂಡಿದ್ದರು. ತಪಾಸಣೆ ಬೇಕೇ ಬೇಕು. ಆದರೆ 2025ರ ಜೂನ್ 4ರಂದು ಆರ್‌ಸಿಬಿ ತಂಡದ ಐಪಿಎಲ್ ಗೆಲುವಿನ ಸಂಭ್ರಮಾಚರಣೆಗೆ ಬಂದ 11 ಜನರ ಜೀವ ಅಲ್ಲೇ ತೆಗೆದಿದ್ದು ಬಾಂಬ್ ಅಲ್ಲ, ನೂಕುನುಗ್ಗಲು. ಒಳಗೆ ಸುಮಾರು 35 ಸಾವಿರ ಜನ ಕೂರಬಹುದು, ಬಂದವರು ಅದರ ಎಷ್ಟೋ ಪಟ್ಟು, ಅದರ ಮೇಲೆ ಪಾಸ್ ಬೇಕೋ ಬೇಡವೋ ಎಂಬುದೇ ಬಂದವರಿಗೆ ಸ್ಪಷ್ಟವಿರಲಿಲ್ಲ.

ಗೇಟ್ ಬೇಗ ತೆರೆದಿದ್ದರೆ ಸಾಕಿತ್ತು ಅಂತ ಹಲವರು ಹೇಳುತ್ತಾರೆ. ಅಷ್ಟೇ ಸಾಲದು. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹೊರಗಿನ ಒತ್ತಡ ಕಡಿಮೆ ಮಾಡಲು ಪೊಲೀಸರು ಗೇಟ್ ತೆರೆಸಿದರು. ಆದರೆ ಆಗಲೇ ತುಂಬಿದ್ದ, ಸುತ್ತ ಬೇಲಿ ಇದ್ದ ಪ್ರೇಕ್ಷಕರ ಆವರಣಗಳ ಕಡೆ ಹೋಗುವ ದಾರಿಯನ್ನು ಯಾರೂ ಮುಚ್ಚಲಿಲ್ಲ. ಜನ ನೇರ ಅಲ್ಲಿಗೇ ನುಗ್ಗಿದರು, ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ಇಂಥ ಕಡೆ ಎಷ್ಟೋ ಜನ ಬಿದ್ದು ತುಳಿತಕ್ಕೆ ಸಿಕ್ಕಿ ಸಾಯುವುದಿಲ್ಲ, ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟಿ ಸಾಯುತ್ತಾರೆ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ, ಅವರು ಒಂದು ಹೆಜ್ಜೆ ಮುಂದಿಟ್ಟರೂ ಆ ಭಾರವೆಲ್ಲ ಗೇಟಿನ ಹತ್ತಿರ ಇರುವವರ ಮೇಲೆ ಬೀಳುತ್ತದೆ. ಹಾಗಾಗಿ ಮುಂದಿನವರಿಗೆ ಲಾಠಿ ಬೀಸಿದರೆ ಏನೂ ಆಗದು. ತಡೆಯಬೇಕಾದ್ದು ಹಿಂದೆ, ಮೆಟ್ರೊ ನಿಲ್ದಾಣದಲ್ಲಿ, ಆಚೆ ರಸ್ತೆಯ ತಿರುವಿನಲ್ಲಿ.

ಇದಕ್ಕೆ ಲೆಕ್ಕ ಬೇಕು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿಯಲ್ಲಿ ಒಂದು ಪ್ರವೇಶದ ಸಾಲಿಗೆ ಗಂಟೆಗೆ 660 ಜನಕ್ಕಿಂತ ಜಾಸ್ತಿ ಹಿಡಿಯಬಾರದು ಅಂತಿದೆ. ಆ ಪ್ರಕಾರ 20 ಸಾಲು ಇದ್ದರೂ 35 ಸಾವಿರ ಜನ ಒಳಗೆ ಹೋಗಲು ಎರಡೂವರೆ ಗಂಟೆ ಮೀರುತ್ತದೆ. ಅಷ್ಟು ಹೊತ್ತು ಉಳಿದವರು ಎಲ್ಲಿ ನಿಲ್ಲಬೇಕು? ಫುಟ್‌ಪಾತ್ ಮೇಲಾ? ಜೂನ್ 4ರ ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಕುನ್ಹಾ ಆಯೋಗ ಹೇಳಿದ್ದೂ ಇದನ್ನೇ. ಈ ಕ್ರೀಡಾಂಗಣದ ವಿನ್ಯಾಸ ಭಾರಿ ಜನಸಂದಣಿಗೆ ಸುರಕ್ಷಿತವಲ್ಲ, ಸಾಲು ನಿಲ್ಲಲು ರಸ್ತೆಯಿಂದ ಬೇರೆಯಾದ ಜಾಗ ಬೇಕು ಎಂದಿತು.

ನನ್ನ ಬೇಡಿಕೆ ಇಷ್ಟೇ. ಪ್ರತಿ ದೊಡ್ಡ ಪಂದ್ಯ, ಮೆರವಣಿಗೆ, ಸನ್ಮಾನಕ್ಕೂ ಮೊದಲು ಅಪಾಯದ ಅಂದಾಜು ಬರೆದಿಟ್ಟು ಅದನ್ನು ಜನರಿಗೂ ತೋರಿಸಬೇಕು. ಎಷ್ಟು ಜನ ಬರಬಹುದು, ಯಾವ ಗೇಟಿನಿಂದ ಎಷ್ಟು ಹೊತ್ತಿಗೆ ಎಷ್ಟು ಜನ, ಆಂಬುಲೆನ್ಸ್‌ಗೆ ದಾರಿ ಯಾವುದು. ಮುಖ್ಯವಾಗಿ, ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಇರುವ ಒಬ್ಬ ಅಧಿಕಾರಿ ಯಾರು ಅಂತ ಮೊದಲೇ ಗೊತ್ತಿರಬೇಕು. ಮಂತ್ರಿ ಬರಲಿ, ಸ್ಟಾರ್ ಆಟಗಾರ ಬರಲಿ, ಆ ಅಧಿಕಾರಿ ಬೇಡ ಎಂದರೆ ಬೇಡ.

ಬೆಂಗಳೂರಿಗಷ್ಟೇ ಅಲ್ಲ. ತೆಲಂಗಾಣದ ಸೂರ್ಯಪೇಟೆಯಲ್ಲಿ 2021ರಲ್ಲಿ ಕಬಡ್ಡಿ ಪಂದ್ಯದ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ನಮ್ಮ ತಾಲ್ಲೂಕುಗಳಲ್ಲೂ ಕಬಡ್ಡಿ, ವಾಲಿಬಾಲ್‌ಗೆ ಮರದ ಗ್ಯಾಲರಿ ಕಟ್ಟುತ್ತಾರಲ್ವಾ? ಅದನ್ನು ಎಂಜಿನಿಯರ್ ನೋಡಿ ಸಹಿ ಹಾಕದೆ ಒಬ್ಬರನ್ನೂ ಹತ್ತಿಸಬಾರದು.

ಮುಂದಿನ ದೊಡ್ಡ ಪಂದ್ಯದ ಹಿಂದಿನ ದಿನ ನಿಮ್ಮ ವರದಿಗಾರರು ಪಿಚ್ ಬಗ್ಗೆ ಕೇಳುವ ಜೊತೆಗೆ ಈ ಅಂದಾಜಿನ ಪ್ರತಿಯನ್ನೂ ಆಯೋಜಕರ ಹತ್ತಿರ ಕೇಳಲಿ. ಕೊಡದಿದ್ದರೆ, ಕೊಡಲಿಲ್ಲ ಅಂತಲೇ ಮುಖಪುಟದಲ್ಲಿ ಹಾಕಿ.

– ಒಬ್ಬ ಕ್ರಿಕೆಟ್ ಪ್ರೇಮಿ, ಬೆಂಗಳೂರು