ಭಾನುವಾರದ ಮಾತುಕತೆ: ವಕೀಲರ ಹಳೇ ಅಡ್ಡಹೆಸರುಗಳು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ. ಈ ಸಲದ ವಿಷಯ, ಅಮೆರಿಕದಲ್ಲಿ ವಕೀಲರಿಗಿದ್ದ ಹಳೇ ಆಡುಮಾತಿನ ಹೆಸರುಗಳು. ಮಾತಾಡಲು ಹೆಸರು ಕೊಟ್ಟ ನಾಲ್ವರು ದಯವಿಟ್ಟು ಪೂರ್ತಿ ಓದಿ.

‘ಶೈಸ್ಟರ್’ (ಮೋಸಗಾರ ವಕೀಲ) ಅನ್ನೋ ಪದ ಶೂಸ್ಟರ್ ಎಂಬ ವಕೀಲನಿಂದ ಬಂತು ಅನ್ನೋ ಮೆಸೇಜ್ ಇಲ್ಲಿ ಎರಡು ಸಲ ಬಂದಿದೆ. ಅದು ಸುಮ್ನೆ ಕಟ್ಟಿದ ಕಥೆ, ಇನ್ನು ಫಾರ್ವರ್ಡ್ ಮಾಡಬೇಡಿ. ಭಾಷಾತಜ್ಞ ಜೆರಾಲ್ಡ್ ಕೋಹೆನ್ ಹಳೇ ಪತ್ರಿಕೆಗಳನ್ನು ಜಾಲಾಡಿ ತೋರಿಸಿದ ಹಾಗೆ, ಈ ಪದ 1843ರಲ್ಲಿ ನ್ಯೂಯಾರ್ಕಿನ ‘ಸಬ್ಟೆರೇನಿಯನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿನ ಟೂಂಬ್ಸ್ ಜೈಲಿನ ಸುತ್ತ ಸುಳಿದಾಡುತ್ತಾ, ಒಳಗಿದ್ದ ಬಡಪಾಯಿಗಳಿಂದ ದುಡ್ಡು ಕಿತ್ತುಕೊಳ್ಳುತ್ತಿದ್ದ ನಕಲಿ ವಕೀಲರಿಗೆ ಅಂಟಿದ ಬೈಗುಳ ಅದು. ಮೂಲ ಜರ್ಮನ್, ಅರ್ಥ ಮಲಕ್ಕೆ ಸಂಬಂಧಿಸಿದ್ದು. ಎಷ್ಟು ಸಿಟ್ಟಿತ್ತು ನೋಡಿ!

ಎಲ್ಲವೂ ಬೈಗುಳವೇ ಅಲ್ಲ. ‘ಫಿಲಡೆಲ್ಫಿಯಾ ಲಾಯರ್’ ಅಂದರೆ ಭಾರಿ ಚಾಣಾಕ್ಷ ವಕೀಲ. 1735ರಲ್ಲಿ ಆಂಡ್ರ್ಯೂ ಹ್ಯಾಮಿಲ್ಟನ್ ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ ಹೋಗಿ, ಗವರ್ನರ್ ವಿರುದ್ಧ ಬರಹ ಅಚ್ಚು ಹಾಕಿದ್ದ ಮುದ್ರಕ ಜೆಂಗರ್‌ನನ್ನು ಬಿಡಿಸಿದರು. ಈ ಮಾತನ್ನು ಜನ ಆ ಕೇಸಿಗೇ ಜೋಡಿಸುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಇದೇ.

ಈಗ ಮಾಡಬೇಕಾದ್ದು:
– ಶುಕ್ರವಾರ ರಾತ್ರಿಯೊಳಗೆ ನಿಮ್ಮ ಪದ ಇಲ್ಲೇ ಬರೆಯಿರಿ, ಒಂದೇ ಪದ ಇಬ್ಬರಿಗೆ ಬೇಡ.
– ಒಬ್ಬರಿಗೆ 7 ನಿಮಿಷ.
– ಪದ ಮೊದಲು ಎಲ್ಲಿ ಅಚ್ಚಾಯಿತು ಅಂತ ಒಂದು ಸಾಕ್ಷಿ ಇರಲಿ.

‘ಆಂಬುಲೆನ್ಸ್ ಚೇಸರ್’ (ಅಪಘಾತದಲ್ಲಿ ಗಾಯಗೊಂಡವರ ಬೆನ್ನುಬಿದ್ದು ಕೇಸು ಹಿಡಿಯುವ ವಕೀಲ) ಇನ್ನೂ ಖಾಲಿ ಇದೆ, ಯಾರು ತಗೋತೀರಿ? ಕೇಳೋಕೆ ಬರುವವರೂ ‘ಬರ್ತೀನಿ’ ಅಂತ ಹಾಕಿಬಿಡಿ, ಲಿಂಕ್ ಶನಿವಾರ ಕಳಿಸುತ್ತೇನೆ.