ರಾಜ್ಯಸಭೆಯ 12 ಸ್ಥಾನ: ಯಾರ ಪ್ರತಿನಿಧಿಗಳು?

ಮಾನ್ಯ ಸಂಪಾದಕರೇ,

ಕರ್ನಾಟಕದಿಂದ ರಾಜ್ಯಸಭೆಗೆ ಚುನಾವಣೆ ಬಂದಾಗಲೆಲ್ಲ ಗೆಲುವಿಗೆ ಎಷ್ಟು ಮತ ಬೇಕು, ಅಡ್ಡಮತದಾನ ಆದೀತೇ ಎಂಬ ಲೆಕ್ಕಾಚಾರವೇ ಚರ್ಚೆಯನ್ನು ಆವರಿಸಿಬಿಡುತ್ತದೆ. ಗೆದ್ದವರು ಆರು ವರ್ಷ ದೆಹಲಿಯಲ್ಲಿ ಯಾರ ಪರವಾಗಿ ಮಾತನಾಡಬೇಕು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ.

2003ರವರೆಗೆ ರಾಜ್ಯಸಭೆಗೆ ಸ್ಪರ್ಧಿಸುವವರು ಆಯಾ ರಾಜ್ಯದ ಮತದಾರರಾಗಿರಬೇಕೆಂಬ ನಿಯಮವಿತ್ತು. ಆ ವರ್ಷ ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು, ದೇಶದ ಯಾವ ಭಾಗದ ಮತದಾರರಾದರೂ ಸಾಕೆಂದು ಮಾಡಲಾಯಿತು. ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕುವ ಬಹಿರಂಗ ಮತದಾನವೂ ಆಗಲೇ ಜಾರಿಗೆ ಬಂತು. ಇದನ್ನು ಪ್ರಶ್ನಿಸಿ ಪತ್ರಕರ್ತ ಕುಲದೀಪ್ ನಯ್ಯರ್ ಹೂಡಿದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇವೆರಡನ್ನೂ ಎತ್ತಿಹಿಡಿಯಿತು. ತೀರ್ಪಿಗೆ ತಲೆಬಾಗಬೇಕು, ನಿಜ. ಆದರೆ ಕಾನೂನುಬದ್ಧವಾದದ್ದೆಲ್ಲ ರಾಜ್ಯಕ್ಕೆ ಹಿತವಾಗಬೇಕೆಂದಿಲ್ಲ. ಅಭ್ಯರ್ಥಿ ಯಾರೆಂಬುದನ್ನು ಪಕ್ಷದ ವರಿಷ್ಠರು ದೆಹಲಿಯಲ್ಲಿ ತೀರ್ಮಾನಿಸುತ್ತಾರೆ, ಇಲ್ಲಿನ ಶಾಸಕರು ಮುದ್ರೆ ಒತ್ತುತ್ತಾರೆ. 2011ರಲ್ಲಿ ಬಿಜೆಪಿ ಹೇಮಾ ಮಾಲಿನಿಯವರನ್ನೂ, 2024ರಲ್ಲಿ ಕಾಂಗ್ರೆಸ್ ದೆಹಲಿಯ ಅಜಯ್ ಮಾಕನ್ ಅವರನ್ನೂ ಇಲ್ಲಿಂದಲೇ ಕಳುಹಿಸಿದವು. ಇದರಲ್ಲಿ ಪಕ್ಷಭೇದವಿಲ್ಲ.

ಅಮೆರಿಕದ ಸೆನೆಟ್‌ನಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ಇಬ್ಬಿಬ್ಬರೇ ಸದಸ್ಯರು. ಆಯ್ಕೆಯಾಗುವ ಹೊತ್ತಿಗೆ ಅವರು ಆ ರಾಜ್ಯದ ನಿವಾಸಿಗಳಾಗಿರಬೇಕೆಂದು ಅಲ್ಲಿನ ಸಂವಿಧಾನವೇ ವಿಧಿಸಿದೆ. ನಮ್ಮಲ್ಲಿ ಜನಸಂಖ್ಯೆಯನ್ನು ಆಧರಿಸಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಂಗೆ 1 ಸ್ಥಾನ. ಈ ಹಂಚಿಕೆಗೆ ನನ್ನ ತಕರಾರಿಲ್ಲ. ಆದರೆ ಸಂವಿಧಾನದ 249ನೇ ವಿಧಿಯಂತೆ, ರಾಜ್ಯಪಟ್ಟಿಯ, ಅಂದರೆ ರಾಜ್ಯಗಳೇ ಕಾನೂನು ಮಾಡಬೇಕಾದ ವಿಷಯದ ಮೇಲೂ ಸಂಸತ್ತು ಕಾನೂನು ಮಾಡಲು ಮೂರನೇ ಎರಡರಷ್ಟು ಬಹುಮತದ ಒಪ್ಪಿಗೆ ಕೊಡುವ ಅಧಿಕಾರ ಇರುವುದು ಈ ಸದನಕ್ಕೆ ಮಾತ್ರ. ರಾಜ್ಯದ ಹಕ್ಕನ್ನು ಬಿಟ್ಟುಕೊಡುವ ಇಲ್ಲವೇ ಉಳಿಸಿಕೊಳ್ಳುವ ಕೈ ರಾಜ್ಯದ ಮತದಾರನದೇ ಆಗಿರಬೇಡವೇ? ಹುಟ್ಟೂರು, ಮಾತೃಭಾಷೆಯನ್ನು ನಾನು ಕೇಳುತ್ತಿಲ್ಲ. ಇಲ್ಲಿ ನೆಲೆಸಿ ಇಲ್ಲಿಯೇ ಮತ ಹಾಕುವವರಾದರೆ ಸಾಕು.

ಮಧ್ಯ ಕರ್ನಾಟಕದ ಒಣನೆಲಕ್ಕೆ ನೀರು ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿ. 2023ರ ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾದವರು. ಚಿತ್ರದುರ್ಗದಲ್ಲೂ ಜಗಳೂರಿನಲ್ಲೂ ಅಂದು ಹುಟ್ಟಿದ ಆಸೆ ದೊಡ್ಡದು. ಆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ಆಮೇಲೆ ಮತ್ತೆ ಮತ್ತೆ ದೂರಬೇಕಾಯಿತು. ಜಗಳೂರಿನ ರೈತರು ಮನವಿಪತ್ರ ಬರೆಯಲು ಕೂತರೆ ‘ಗೆ’ ಎಂಬುದರ ಕೆಳಗೆ ತಹಶೀಲ್ದಾರ್, ಶಾಸಕರು, ಲೋಕಸಭಾ ಸದಸ್ಯರ ಹೆಸರುಗಳು ಸರಾಗವಾಗಿ ಬರುತ್ತವೆ. ಹನ್ನೆರಡು ಮಂದಿಯಲ್ಲಿ ತಮ್ಮ ಪಾಲಿನ ರಾಜ್ಯಸಭಾ ಸದಸ್ಯರು ಯಾರೆಂದು ಯಾರಿಗೂ ತಿಳಿಯದು. ತಮ್ಮ ಪ್ರದೇಶಾಭಿವೃದ್ಧಿ ನಿಧಿಯನ್ನು ರಾಜ್ಯದ ಯಾವ ಜಿಲ್ಲೆಯಲ್ಲಾದರೂ ವಿನಿಯೋಗಿಸಲು ಶಿಫಾರಸು ಮಾಡುವ ಅವಕಾಶ ಅವರಿಗಿದ್ದರೂ, ಕೇಳಲು ಹೋಗುವ ಬಾಗಿಲೇ ಕಾಣುವುದಿಲ್ಲ.

ಹಳೆಯ ನಿಯಮವನ್ನು ಸಂಸತ್ತು ಮರಳಿ ತರಬೇಕು. ಅದಾಗುವವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ದಾವಣಗೆರೆ ಜಿಲ್ಲೆಯ ಏಳು, ಚಿತ್ರದುರ್ಗದ ಆರು, ಒಟ್ಟು 13 ಶಾಸಕರು ಮುಂದಿನ ರಾಜ್ಯಸಭಾ ಚುನಾವಣೆಗೆ ಮುನ್ನ ತಮ್ಮ ಪಕ್ಷದ ಅಭ್ಯರ್ಥಿಯನ್ನು ಈ ಭಾಗಕ್ಕೆ ಕರೆಸಿ, ಭದ್ರಾ ಮೇಲ್ದಂಡೆ ಮತ್ತು ತುಮಕೂರು–ದಾವಣಗೆರೆ ನೇರ ರೈಲು ಮಾರ್ಗದ ಬಗ್ಗೆ ಅವರ ನಿಲುವನ್ನು ಜನರ ಮುಂದೆಯೇ ಹೇಳಿಸಬೇಕೆಂದು ಒತ್ತಾಯಿಸುತ್ತೇನೆ.

– ಓರ್ವ ನಿವೃತ್ತ ಉಪನ್ಯಾಸಕ, ದಾವಣಗೆರೆ