ಅಗೆದು ನೋಡಿ ಮತ್ತೆ ಹೂತ ಹಡಗು

ಜೀಲಾಂಗ್, ಆಸ್ಟ್ರೇಲಿಯಾ

ಅಪ್ಪಯ್ಯನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅಲ್ಲಿ ಮಳೆ ಜೋರಂತೆ, ಅಮ್ಮ ಹೇಳಿದರು. ಇಲ್ಲಿ ಚಳಿ, ಅದರ ಮೇಲೆ ಗಾಳಿ. ಮಕ್ಕಳಿಗೆ ಶೀತ ಬಿಟ್ಟೇ ಇಲ್ಲ.

ಅಜ್ಜಯ್ಯನ ಮಂಜಿಯ, ಆ ಸರಕಿನ ಹಾಯಿಹಡಗಿನ ಕತೆ ಕೇಳಿ ಬೆಳೆದವನಿಗೆ ಇಲ್ಲೊಂದು ಹಳೇ ಹಡಗಿನ ಸುದ್ದಿ ಸಿಕ್ಕಿದೆ. ಫೋನಲ್ಲಿ ಹೇಳಿದರೆ ಅರ್ಧಕ್ಕೇ ನೀವು 'ಆಯ್ತು, ಇಡ್ತೇನೆ' ಅನ್ನುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೆಲ್ಬರ್ನ್ ಇರುವುದು ಪೋರ್ಟ್ ಫಿಲಿಪ್ ಅನ್ನುವ ದೊಡ್ಡ ಕೊಲ್ಲಿಯ ತಲೆಯಲ್ಲಿ. ಅದರ ಪಶ್ಚಿಮ ದಡದಲ್ಲಿ ಸೇಂಟ್ ಲಿಯೊನಾರ್ಡ್ಸ್ ಅಂತ ಪುಟ್ಟ ಊರು, ನಮ್ಮ ಮನೆಯಿಂದ ದೂರ ಇಲ್ಲ. ಭಾನುವಾರ ಅಲ್ಲಿನ ಮರದ ಜೆಟ್ಟಿಗೆ ಹೋಗಿದ್ದೆವು. ಹಲಗೆ ತುಂಬ ಬೊಂಡಾಸಿನ, ಅಂದರೆ ಇಲ್ಲಿಯವರ ಸ್ಕ್ವಿಡ್ಡಿನ, ಕಪ್ಪು ಶಾಯಿಯ ಕಲೆ. ಅಲ್ಲಿ ಗಾಳ ಹಾಕಿ ಕೂತವರೆಲ್ಲ ಹಿಡಿಯುವುದು ಅದನ್ನೇ. ಅದೇ ಊರಿನ ಎದುರಿನ ನೀರಲ್ಲಿ 'ಕ್ಲಾರೆನ್ಸ್' ಮಲಗಿದೆ.

ದೊಡ್ಡ ಹಡಗೇನಲ್ಲ. ಎರಡು ಪಟಸ್ತಂಭ, 67 ಟನ್, ಉದ್ದ ಸುಮಾರು 15 ಮೀಟರ್. ಅಜ್ಜಯ್ಯ ನೋಡಿದ್ದರೆ 'ನಮ್ಮದೇ ಅಳತೆ' ಅನ್ನುತ್ತಿದ್ದರು. 1841ರಲ್ಲಿ ನ್ಯೂ ಸೌತ್ ವೇಲ್ಸಿನ ವಿಲಿಯಮ್ಸ್ ನದಿಯ ದಡದಲ್ಲಿ ವಿಲಿಯಂ ಲೋ ಎಂಬವನ ಕಾರ್ಖಾನೆಯಲ್ಲಿ ಕಟ್ಟಿದ್ದು. ಆಗ ಇಲ್ಲಿ ರೈಲೇ ಇರಲಿಲ್ಲ. ಬ್ರಿಟಿಷರ ವಸಾಹತುಗಳ ನಡುವೆ ಸರಕು ಹೋಗಬೇಕೆಂದರೆ ಇಂಥ ಹಡಗುಗಳೇ ಗತಿ. ಕರಾವಳಿ ಹಿಡಿದು ಈ ಬಂದರಿನಿಂದ ಆ ಬಂದರಿಗೆ, ಸಿಕ್ಕಿದ್ದನ್ನು ಹೇರಿಕೊಂಡು ಓಡಾಟ.

1850ರ ಸೆಪ್ಟೆಂಬರಿನಲ್ಲಿ ಮೆಲ್ಬರ್ನಿನಿಂದ ಟಾಸ್ಮೇನಿಯಾದ ಹೋಬಾರ್ಟಿಗೆ 132 ಕುರಿ ಹೇರಿಕೊಂಡು ಹೊರಟಿತ್ತು. ಕೊಲ್ಲಿ ದಾಟುವ ಮೊದಲೇ, ಕೋಲ್ಸ್ ಚಾನೆಲ್ ಅನ್ನುವ ಕಡೆ ಲಂಗರಿನ ಕಟ್ಟು ಹರಿಯಿತು. ಹಡಗು ಮರಳದಿಣ್ಣೆಗೆ ಹೋಗಿ ಕೂತಿತು. ಅಷ್ಟೇ ಕತೆ. ಬಿರುಗಾಳಿಯ ದೊಡ್ಡ ಸಮುದ್ರದಲ್ಲಲ್ಲ, ದಡ ಕಾಣುವ ಕೊಲ್ಲಿಯೊಳಗೇ. ನೀವು ಹೇಳುವುದು ಸರಿ, ಆಳಕ್ಕಿಂತ ಅಳಿವೆಯ ಮರಳೇ ಕೆಟ್ಟದ್ದು.

ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲಿನದು. 1980ರ ದಶಕದಲ್ಲಿ ಇದು ಪತ್ತೆಯಾಯಿತು. ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದಲ್ವಾ, ಗಾಳದವರು ದೋಣಿ ತಂದು ಅಲ್ಲೇ ಲಂಗರು ಹಾಕತೊಡಗಿದರು. ಲಂಗರು ಎತ್ತುವಾಗ ಹಡಗಿನ ಮರವೂ ಕಿತ್ತು ಬರುತ್ತಿತ್ತು. ಸರ್ಕಾರ ಆ ಜಾಗಕ್ಕೆ ಅನುಮತಿ ಇಲ್ಲದೆ ಯಾರೂ ಬರಬಾರದೆಂದು ಮಾಡಿತು. ಆದರೂ ಮರ ಸವೆಯುತ್ತಲೇ ಇತ್ತು.

ಕೊನೆಗೆ 2012ರಲ್ಲಿ ತಜ್ಞರೆಲ್ಲ ಸೇರಿ, ಸಮುದ್ರದ ತಳಕ್ಕೆ ಕಾಲು ಊರಿ ನಿಲ್ಲುವ ಬಾರ್ಜ್ ತಂದು ನಿಲ್ಲಿಸಿ, ಮರಳು ಅಗೆದರು. ಮರದ ಜೋಡಣೆ ನೋಡಿದರು, ಅಳೆದರು, ಫೋಟೋ ತೆಗೆದರು. ಆಮೇಲೆ ಮಾಡಿದ್ದೇನು ಗೊತ್ತಾ? ಎತ್ತಿದ ಸಾಮಾನುಗಳನ್ನೂ ಅಲ್ಲೇ ಇಟ್ಟು, ಬಲೆಬಟ್ಟೆ, ಸಾವಿರಾರು ಮರಳುಚೀಲ, ಮೇಲೊಂದು ಟಾರ್ಪಾಲು ಹೊದಿಸಿ ಎಲ್ಲವನ್ನೂ ಮತ್ತೆ ಹೂತುಬಿಟ್ಟರು! ನಿಮಗೆ ನಗು ಬರಬಹುದು. ನನಗೂ ಬಂತು. ಆದರೆ ಮರಳಿನಡಿ ಆಮ್ಲಜನಕ ಹೋಗುವುದಿಲ್ಲ, ಮರ ಕೊರೆಯುವ ಹುಳು ಬದುಕುವುದಿಲ್ಲ. ನಾವು ಮಂಜಿಗೆ ಮೀನೆಣ್ಣೆ ಬಳಿಯುತ್ತಿದ್ದದ್ದೂ ಆ ಹುಳುವಿನ ಕಾಟಕ್ಕೇ. ಮೇಲೆ ತಂದು ಮ್ಯೂಸಿಯಂನಲ್ಲಿ ಇಡೋಣ ಅಂದರೆ, ಒದ್ದೆ ಮರ ಒಣಗಿ ಬಿರುಕು ಬಿಡದಂತೆ ಮಾಡಲು ವರ್ಷಗಟ್ಟಲೆ ಬೇಕು, ದುಡ್ಡೂ ಸಿಕ್ಕಾಪಟ್ಟೆ.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಯುದ್ಧದ ಹಡಗಿಗೆ ನಕ್ಷೆ ಉಳಿಯುತ್ತದೆ, ಇಂಥ ಸಣ್ಣ ಸರಕು ಹಡಗಿಗೆ ಉಳಿದ ಕಾಗದ ಕಡಿಮೆ. ಬಡಗಿ ಹೇಗೆ ಕಟ್ಟಿದ, ಯಾವ ಮರ ಎಲ್ಲಿ ಹಾಕಿದ ಅನ್ನುವುದಕ್ಕೆ ಆ ಮರವೇ ಸಾಕ್ಷಿ.

ಅಪ್ಪಯ್ಯ, ಒಂದು ಕೆಲಸ ಮಾಡುತ್ತೀರಾ? ಮಂಜಿ ಕಟ್ಟುತ್ತಿದ್ದ ಆಚಾರ್ರು ಗಂಗೊಳ್ಳಿಯಲ್ಲಿ ಇನ್ನೂ ಇದ್ದಾರಲ್ವಾ? ತಮ್ಮನನ್ನು ಕರೆದುಕೊಂಡು ಹೋಗಿ. ಅವರು ಹೇಳಿದ್ದನ್ನೆಲ್ಲ ಅವನು ಮೊಬೈಲಲ್ಲಿ ರೆಕಾರ್ಡ್ ಮಾಡಲಿ. ಹಡಗಿನ ತಳಕ್ಕೆ ಹಾಕುವ ಏರಾಮರ ಎಲ್ಲಿಂದ ತರುತ್ತಿದ್ದರು, ಅಳತೆ ಹೇಗೆ ಹಿಡಿಯುತ್ತಿದ್ದರು, ಎಲ್ಲ ಕೇಳಿ. ಬರಿಗೈಲಿ ಹೋಗಬೇಡಿ, ಅವರಿಗೆ ಇಷ್ಟದ ಹೊಗೆಸೊಪ್ಪು ಒಯ್ಯಿರಿ. ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ.

ಬಿಪಿ ಮಾತ್ರೆ ತಪ್ಪಿಸಬೇಡಿ. ಅಮ್ಮನಿಗೂ ದೊಡ್ಡಮ್ಮನಿಗೂ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗ